ಹಳೇ ಪವರ್ ಆಂಪ್ ಬ್ರಿಡ್ಜ್ ಮಾಡಿ ಬೇಸ್ ಬಾಕ್ಸ್ ಓಡಿಸುವುದು ಹೇಗೆ

"ಬ್ರಿಡ್ಜ್ ಹಾಕಿ ಸಾರ್, ಗೋಡೆ ನಡುಗತ್ತೆ." ಬೆಂಗಳೂರಿನ ಎಸ್.ಪಿ. ರೋಡಿನಲ್ಲೋ ಜೆ.ಸಿ. ರೋಡಿನಲ್ಲೋ ಸೆಕೆಂಡ್ ಹ್ಯಾಂಡ್ ಪವರ್ ಆಂಪ್ ವಿಚಾರಿಸಿದವರಿಗೆ ಈ ಮಾತು ಹೊಸದಲ್ಲ. ಬ್ರಿಡ್ಜ್ ಅಂದರೆ ಆಂಪ್‌ನ ಎರಡು ಚಾನೆಲ್ ಸೇರಿಸಿ ಒಂದೇ ಬಾಕ್ಸ್ ಓಡಿಸುವುದು. ಮಾತು ಪೂರ್ತಿ ಸುಳ್ಳೂ ಅಲ್ಲ. ಹಳೇ ಆಂಪ್‌ನಲ್ಲಿ ದೊಡ್ಡ ಟ್ರಾನ್ಸ್‌ಫಾರ್ಮರ್ ಇರುತ್ತದೆ, ದಪ್ಪ ಹೀಟ್‌ಸಿಂಕ್ ಇರುತ್ತದೆ, ಮೆಟ್ಟಿಲು ಹತ್ತಿಸಲು ಇಬ್ಬರು ಬೇಕಾಗುತ್ತದೆ. ಬೇಸ್‌ಗೆ ಬೇಕಾಗಿರುವುದೂ ಇಂಥ ಗಟ್ಟಿ ಪವರ್ ಸಪ್ಲೈಯೇ. ಟಾಪ್‌ಗಳಿಗೆ (ಬೇಸ್ ಬಿಟ್ಟು ಮೇಲಿನ ಶಬ್ದ ನುಡಿಸುವ ಬಾಕ್ಸ್‌ಗಳಿಗೆ) ಹೊಸ ಹಗುರ ಆಂಪ್ ತಗೊಂಡು, ಹಳೇದನ್ನು ಬೇಸ್‌ಗೆ ಬಿಡುವುದು ಒಳ್ಳೆಯ ಯೋಚನೆ.

ಆದರೆ ಎರಡು ವಿಷಯದಲ್ಲಿ ನಾನು ಹಟ ಬಿಡುವುದಿಲ್ಲ. ಒಂದು, ಹಳೇ ಆಂಪ್ ಬ್ರಿಡ್ಜ್ ಮಾಡಿದರೆ ಅದಕ್ಕೆ 8 ಓಮ್ ಬಾಕ್ಸ್ ಒಂದೇ, ಅದಕ್ಕಿಂತ ಕಡಿಮೆ ಬೇಡ. ಓಮ್ ಅಂದರೆ ಬಾಕ್ಸ್ ಕರೆಂಟಿಗೆ ಒಡ್ಡುವ ತಡೆ, ಅದು ಕಡಿಮೆಯಾದಷ್ಟೂ ಆಂಪ್‌ಗೆ ಭಾರ ಜಾಸ್ತಿ. ಎರಡು, ಸ್ಪೀಕರ್ ವೈರ್ ಸಿಕ್ಕಿಸುವ ಮುಂಚೆ ಎರಡು ಕೆಂಪು ಟರ್ಮಿನಲ್ ಮಧ್ಯೆ ಮೀಟರ್ ಇಟ್ಟು ನೋಡಲೇಬೇಕು. ಯಾಕೆ ಅಂತ ಮುಂದೆ ಬರುತ್ತದೆ.

ಬ್ರಿಡ್ಜ್ ಅಂದರೆ ಒಳಗೆ ಏನಾಗುತ್ತದೆ

ಮಾಮೂಲಿ ಸ್ಟೀರಿಯೋದಲ್ಲಿ ಸ್ಪೀಕರಿನ ಒಂದು ತುದಿ ಕೆಂಪಿಗೆ, ಇನ್ನೊಂದು ತುದಿ ಕಪ್ಪಿಗೆ. ಕಪ್ಪು ಅಂದರೆ ಗ್ರೌಂಡ್, ಅದು ಸುಮ್ನೆ ನಿಂತಿರುತ್ತದೆ. ಕೆಲಸವೆಲ್ಲ ಕೆಂಪಿನದು. ಬ್ರಿಡ್ಜ್‌ನಲ್ಲಿ ಒಂದೇ ಸಿಗ್ನಲ್ ಎರಡೂ ಚಾನೆಲ್‌ಗೆ ಹೋಗುತ್ತದೆ, ಆದರೆ ಎರಡನೇ ಚಾನೆಲ್‌ಗೆ ತಲೆಕೆಳಗಾಗಿ ಹೋಗುತ್ತದೆ. ಸ್ಪೀಕರ್ ಎರಡು ಕೆಂಪುಗಳ ಮಧ್ಯೆ ಕೂರುತ್ತದೆ. ಮೊಸರು ಕಡೆಯುವಾಗ ಕಡಗೋಲಿನ ಹಗ್ಗವನ್ನು ಒಂದು ಕೈ ಎಳೆದರೆ ಇನ್ನೊಂದು ಕೈ ಬಿಡುತ್ತದಲ್ಲ, ಹಾಗೆ. ಒಂದು ಚಾನೆಲ್ ಮೇಲೆ ಹೋದಾಗ ಇನ್ನೊಂದು ಕೆಳಗೆ. ಹೀಗಾಗಿ ಸ್ಪೀಕರಿಗೆ ಸಿಗುವ ವೋಲ್ಟೇಜ್ ಎರಡರಷ್ಟು.

ಲೆಕ್ಕ ಹಾಕಿ. ಒಂದು ಚಾನೆಲ್ 8 ಓಮ್‌ಗೆ 40 ವೋಲ್ಟ್ ಕೊಟ್ಟರೆ ಅದು 200 ವ್ಯಾಟ್. ವೋಲ್ಟೇಜನ್ನು ಅದರಿಂದಲೇ ಗುಣಿಸಿ ಓಮ್‌ನಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. ಬ್ರಿಡ್ಜ್‌ನಲ್ಲಿ ಅದೇ ಬಾಕ್ಸ್‌ಗೆ 80 ವೋಲ್ಟ್. ಅಂದರೆ 800 ವ್ಯಾಟ್. ಪುಸ್ತಕದ ಲೆಕ್ಕದಲ್ಲಿ ನಾಲ್ಕರಷ್ಟು!

ಈಗ ಕರೆಂಟ್ ನೋಡಿ. 80 ವೋಲ್ಟನ್ನು 8 ಓಮ್‌ನಿಂದ ಭಾಗಿಸಿದರೆ 10 ಆಂಪಿಯರ್. ಈ 10 ಆಂಪಿಯರ್ ಎರಡೂ ಚಾನೆಲ್‌ಗಳ ಮೂಲಕ ಹಾದು ಹೋಗಬೇಕು. ಸ್ಟೀರಿಯೋದಲ್ಲಿ 40 ವೋಲ್ಟ್ ಕೊಡುವ ಚಾನೆಲ್ 10 ಆಂಪಿಯರ್ ಕೊಡುವುದು ಯಾವಾಗ? 4 ಓಮ್ ಲೋಡ್ ಇದ್ದಾಗ. ಅಂದರೆ ಬ್ರಿಡ್ಜ್‌ನಲ್ಲಿ 8 ಓಮ್ ಬಾಕ್ಸ್ ಹಾಕಿದರೆ ಪ್ರತಿ ಚಾನೆಲ್‌ಗೂ ಅದು 4 ಓಮ್ ಥರ ಕಾಣುತ್ತದೆ. 4 ಓಮ್ ಬಾಕ್ಸ್ ಹಾಕಿದರೆ 2 ಓಮ್ ಥರ. ಹಳೇ ಆಂಪ್‌ಗಳು ಸುಟ್ಟು ಹೋಗುವುದು ಜಾಸ್ತಿ ಇಲ್ಲೇ.

ಇದರಿಂದ ಒಂದು ಸುಲಭ ಸೂತ್ರ ಸಿಗುತ್ತದೆ. ಆಂಪ್‌ನ ಹಿಂದೆ ಬ್ರಿಡ್ಜ್ ವ್ಯಾಟ್ ಬರೆದಿಲ್ಲ ಅಂದುಕೊಳ್ಳಿ. 4 ಓಮ್ ಸ್ಟೀರಿಯೋ ರೇಟಿಂಗನ್ನು ಎರಡರಿಂದ ಗುಣಿಸಿ, ಅದೇ 8 ಓಮ್ ಬ್ರಿಡ್ಜ್ ರೇಟಿಂಗ್. ಕ್ಯೂಎಸ್‌ಸಿ ಆರ್‌ಎಂಎಕ್ಸ್ 2450 ತಗೊಳ್ಳಿ. ಪ್ರತಿ ಚಾನೆಲ್‌ಗೆ 8 ಓಮ್‌ನಲ್ಲಿ 500 ವ್ಯಾಟ್, 4 ಓಮ್‌ನಲ್ಲಿ 750. ಬ್ರಿಡ್ಜ್ 8 ಓಮ್‌ನಲ್ಲಿ 1500. ಸರಿಯಾಗಿ 750 ಪ್ಲಸ್ 750. ನಾಲ್ಕರಷ್ಟು ಅಂದರೆ 2000 ಬರಬೇಕಿತ್ತು, ಬರಲಿಲ್ಲ. ಟ್ರಾನ್ಸ್‌ಫಾರ್ಮರ್ ಒಂದೇ ತಾನೆ, ಜಾಸ್ತಿ ಕರೆಂಟ್ ಎಳೆದಾಗ ಒಳಗಿನ ವೋಲ್ಟೇಜ್ ಕುಸಿಯುತ್ತದೆ.

ಮೊದಲು ಕೇಳಿಕೊಳ್ಳಿ: ಬ್ರಿಡ್ಜ್ ಬೇಕಾ?

ಎರಡು ಬೇಸ್ ಬಾಕ್ಸ್ ಇದ್ದರೆ ನನ್ನ ಉತ್ತರ ಬೇಡ. ಮೇಲಿನ ಆಂಪ್‌ನ ಲೆಕ್ಕವನ್ನೇ ಮುಂದುವರಿಸೋಣ. ಒಂದು ಬಾಕ್ಸ್‌ಗೆ 500 ವ್ಯಾಟ್ ಬದಲು ಬ್ರಿಡ್ಜ್‌ನಲ್ಲಿ 1500 ಕೊಟ್ಟರೆ ಸುಮಾರು 4.8 ಡಿಬಿ (ಡೆಸಿಬೆಲ್, ಶಬ್ದದ ಅಳತೆ) ಜಾಸ್ತಿಯಾಗುತ್ತದೆ. ಅದೇ ಆಂಪ್‌ನ ಎರಡು ಚಾನೆಲ್‌ಗೆ ಎರಡು 8 ಓಮ್ ಬಾಕ್ಸ್ ಹಾಕಿ, ಒಂದರ ಪಕ್ಕ ಒಂದು ಒತ್ತಿಟ್ಟರೆ? ಪವರ್ ಎರಡರಷ್ಟಾಗಿದ್ದಕ್ಕೆ 3 ಡಿಬಿ, ಕೋನ್ ಎರಡಾಗಿ ಒಟ್ಟಿಗೆ ಗಾಳಿ ತಳ್ಳುವುದಕ್ಕೆ ಇನ್ನೊಂದು 3 ಡಿಬಿ. ಒಟ್ಟು 6. ಶಬ್ದ ಜಾಸ್ತಿ, ಆಂಪ್‌ಗೆ ಬಿಸಿ ಕಡಿಮೆ, ಸ್ಪೀಕರ್ ಒಳಗಿನ ಕಾಯಿಲ್‌ಗೂ ಬಿಸಿ ಕಡಿಮೆ. ಜಾಗ ಇದ್ದವರು, ಗಣೇಶನ ಪೆಂಡಾಲ್‌ಗೋ ರಾಜ್ಯೋತ್ಸವದ ಆರ್ಕೆಸ್ಟ್ರಾಗೋ ಬಾಕ್ಸ್ ಸಾಗಿಸಲು ಟೆಂಪೋ ಇದ್ದವರು, ಎರಡನೇ ಬಾಕ್ಸ್‌ಗೆ ದುಡ್ಡು ಹಾಕಿ.

ಬ್ರಿಡ್ಜ್ ಅರ್ಥಪೂರ್ಣ ಆಗುವುದು ಒಂದೇ ಬಾಕ್ಸ್ ಇದ್ದು, ಅದು 8 ಓಮ್ ಆಗಿದ್ದು, ಅದಕ್ಕೆ ಒಂದು ಚಾನೆಲ್ ಸಾಲದೇ ಹೋದಾಗ. ಉದಾಹರಣೆಗೆ 18 ಇಂಚಿನ, 600 ವ್ಯಾಟ್ ಆರ್‌ಎಂಎಸ್ (ಅಂದರೆ ಬಿಡುವಿಲ್ಲದೆ ತಾಳುವ ಪವರ್) ತಡೆಯುವ ಸ್ಪೀಕರ್ ಇದೆ, ಆಂಪ್ 8 ಓಮ್‌ಗೆ 200 ವ್ಯಾಟ್, 4 ಓಮ್‌ಗೆ 300 ಕೊಡುತ್ತದೆ. ಬ್ರಿಡ್ಜ್‌ನಲ್ಲಿ 600. ಇದು ಜೋಡಿ. ಸ್ಪೀಕರ್ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ ಪೀಕ್ ವ್ಯಾಟ್ ನೋಡಬೇಡಿ. ಆರ್‌ಎಂಎಸ್ ಅಂತ ಸಣ್ಣದಾಗಿ ಬರೆದಿರುತ್ತಾರಲ್ಲ, ಅದನ್ನು ನೋಡಿ.

ಯಾವ ಆಂಪ್ ಮುಟ್ಟಬಾರದು

ಶಾಲೆ, ದೇವಸ್ಥಾನಗಳಲ್ಲಿ ಹಾರ್ನ್ ಓಡಿಸುವ 100 ವೋಲ್ಟ್ ಲೈನ್ ಮಿಕ್ಸರ್ ಆಂಪ್‌ಗಳಿವೆಯಲ್ಲ, ಹಿಂದೆ 4, 8, 16 ಓಮ್, 70 ವೋಲ್ಟ್, 100 ವೋಲ್ಟ್ ಅಂತ ಸಾಲಾಗಿ ಸ್ಕ್ರೂ ಇರುವಂಥವು, ಅವನ್ನು ಬಿಟ್ಟುಬಿಡಿ. ಅವು ಒಂದೇ ಚಾನೆಲ್‌ನವು, ಬ್ರಿಡ್ಜ್‌ಗೆ ಅಲ್ಲಿ ಕೆಲಸವಿಲ್ಲ. ವಾಲ್ವ್ ಆಂಪ್, ಅಂದರೆ ಟ್ರಾನ್ಸಿಸ್ಟರ್ ಬದಲು ಗಾಜಿನ ಟ್ಯೂಬ್ ಇರುವುದು, ಕೂಡ ಬೇಡ. ಒಳಗೇ ಬ್ರಿಡ್ಜ್ ಆಗಿರುವ ಆಂಪ್‌ಗಳೂ ಇವೆ, ಅವುಗಳಲ್ಲಿ ಕಪ್ಪು ಟರ್ಮಿನಲ್ ಕೂಡ ಜೀವಂತವಾಗಿರುತ್ತದೆ. ಅದನ್ನು ಮತ್ತೊಮ್ಮೆ ಬ್ರಿಡ್ಜ್ ಮಾಡಲು ಹೋದರೆ ಹೊಗೆ ಗ್ಯಾರಂಟಿ.

ಹಿಂಬದಿಯ ವೋಲ್ಟೇಜ್ ಗುರುತನ್ನು ಮರೆಯದೆ ಓದಿ. ಅಮೆರಿಕದಿಂದ ವಾಪಸ್ ಬಂದವರ ಸಾಮಾನಿನ ಜೊತೆ ಬಂದ ಆಂಪ್‌ಗಳು ನಮ್ಮ ಮಾರ್ಕೆಟ್‌ನಲ್ಲಿ ಸಿಗುತ್ತವೆ. ಅವು 120 ವೋಲ್ಟ್‌ನವು. ಬೆಸ್ಕಾಂನ 230ಕ್ಕೆ ಸಿಕ್ಕಿಸಿದರೆ ಅಲ್ಲಿಗೆ ಮುಗಿಯಿತು. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ ಓಡಿಸಬಹುದು, ಆದರೆ ಬ್ರಿಡ್ಜ್‌ನಲ್ಲಿ ಎಳೆಯುವ ಕರೆಂಟಿಗೆ ಸಾಲುವಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್‌ನ ಬೆಲೆ ಕೇಳಿದಾಗ ಬೇರೆ ಆಂಪ್ ತಗೊಳ್ಳೋಣ ಅನ್ನಿಸುತ್ತದೆ.

ಹಂತ 1: ಆಂಪ್‌ನ ಆರೋಗ್ಯ

ಸ್ಟೀರಿಯೋದಲ್ಲಿ ನೆಟ್ಟಗೆ ನಿಲ್ಲದ ಆಂಪ್ ಬ್ರಿಡ್ಜ್‌ನಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಮೊದಲು ಅದನ್ನು ಸ್ಟೀರಿಯೋದಲ್ಲೇ ನೋಡಿ.

ಪ್ಲಗ್ ತೆಗೆದು ಫ್ಯಾನ್ ಮತ್ತು ಗಾಳಿ ಕಿಂಡಿ ನೋಡಿ. ನಮ್ಮೂರಿನ ಧೂಳಿಗೆ ಹೀಟ್‌ಸಿಂಕ್‌ನ ರೆಕ್ಕೆಗಳ ಮಧ್ಯೆ ಕಂಬಳಿ ಹೊದಿಸಿದ ಹಾಗೆ ಕಸ ಕೂತಿರುತ್ತದೆ. ಬ್ಲೋವರ್ ಹೊಡೆಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಲ್ಲಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಅದು ಹುಚ್ಚು ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಮುಚ್ಚಳ ತೆಗೆಯುವ ಅಭ್ಯಾಸ ಇಲ್ಲದಿದ್ದರೆ ರಿಪೇರಿಯವರ ಹತ್ತಿರ ತೆಗೆಸಿ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ.

ಆ ದೊಡ್ಡ ಕೆಪಾಸಿಟರ್‌ಗಳ ತಲೆ ಉಬ್ಬಿದೆಯಾ, ಬುಡದಲ್ಲಿ ಕಂದು ಅಂಟು ಸೋರಿದೆಯಾ ನೋಡಿ. ಇವು ಒಣಗಿದ ಆಂಪ್‌ನಲ್ಲಿ ಲೋಡ್ ಬಿದ್ದ ತಕ್ಷಣ 100 ಹರ್ಟ್ಸ್‌ನ ಗುಂಯ್ ಶಬ್ದ ಬೇಸ್ ಜೊತೆ ಬೆರೆಯುತ್ತದೆ. ಬದಲಾಯಿಸುವಾಗ ಮೊದಲಿನಷ್ಟೇ ಅಥವಾ ಅದಕ್ಕಿಂತ ಜಾಸ್ತಿ ವೋಲ್ಟೇಜ್ ರೇಟಿಂಗ್‌ನದ್ದು ಹಾಕಿಸಿ. ಔಟ್‌ಪುಟ್ ಟ್ರಾನ್ಸಿಸ್ಟರ್ ಬದಲಾಯಿಸಿದ್ದರೆ ಎಲ್ಲಿಂದ ತಂದಿದ್ದು ಅಂತ ಕೇಳಿ. 2ಎಸ್‌ಸಿ5200, 2ಎಸ್‌ಎ1943 ಥರದ ಜನಪ್ರಿಯ ನಂಬರ್‌ಗಳಿಗೆ ನಕಲಿ ಜಾಸ್ತಿ. ಸ್ಟೀರಿಯೋದಲ್ಲಿ ಸಣ್ಣ ವಾಲ್ಯೂಮ್‌ಗೆ ನಕಲಿಯೂ ನಡೆಯುತ್ತದೆ. ಬ್ರಿಡ್ಜ್‌ನಲ್ಲಿ ಬಣ್ಣ ಬಯಲಾಗುತ್ತದೆ.

ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಆಂಪನ್ನು ನೇರವಾಗಿ ಆನ್ ಮಾಡಬೇಡಿ. ರಿಪೇರಿ ಅಂಗಡಿಯ ಸೀರೀಸ್ ಬೋರ್ಡ್‌ಗೆ ಹಾಕಿ, ಅಂದರೆ 100 ವ್ಯಾಟ್‌ನ ಹಳೇ ಕಾಲದ ಫಿಲಮೆಂಟ್ ಬಲ್ಬ್ ಮೂಲಕ ಕರೆಂಟ್ ಕೊಡಿ. ಸ್ಪೀಕರ್ ಹಾಕಿರಬಾರದು. ಬಲ್ಬ್ ಒಮ್ಮೆ ಜೋರಾಗಿ ಬೆಳಗಿ ಮಂಕಾದರೆ ಒಳ್ಳೆಯದು. ಬೆಳಗುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಎಲ್‌ಇಡಿ ಬಲ್ಬ್‌ನಲ್ಲಿ ಈ ಪರೀಕ್ಷೆ ಆಗುವುದಿಲ್ಲ. ದೊಡ್ಡ ಟ್ರಾನ್ಸ್‌ಫಾರ್ಮರ್ ಬದಲು ಸ್ವಿಚಿಂಗ್ ಸಪ್ಲೈ (ಎಸ್‌ಎಂಪಿಎಸ್) ಇರುವ ಹಗುರ ಆಂಪ್‌ಗಳಿಗೂ ಇದು ಸರಿಹೋಗುವುದಿಲ್ಲ.

ಇನ್ನೊಂದು, ಡಿಸಿ. ಬಲ್ಬ್ ಪಾಸಾದ ಮೇಲೆ ನೇರ ಕರೆಂಟ್ ಕೊಟ್ಟು, ಇನ್‌ಪುಟ್ ಏನೂ ಇಲ್ಲದೆ, ಪ್ರತಿ ಚಾನೆಲ್‌ನ ಕೆಂಪು-ಕಪ್ಪು ಮಧ್ಯೆ ಮೀಟರನ್ನು ಡಿಸಿಯಲ್ಲಿ ಇಟ್ಟು ನೋಡಿ. 50 ಮಿಲಿವೋಲ್ಟ್ ಒಳಗಿದ್ದರೆ ಚೆನ್ನ. ವೋಲ್ಟ್‌ಗಟ್ಟಲೆ ಬಂದರೆ ಸ್ಪೀಕರ್ ಹತ್ತಿರಕ್ಕೂ ತರಬೇಡಿ. ಬ್ರಿಡ್ಜ್‌ನಲ್ಲಿ ಈ ಡಿಸಿ ಕೂಡಿಕೊಳ್ಳಬಹುದು. ಒಂದು ಚಾನೆಲ್ ಪ್ಲಸ್ 40, ಇನ್ನೊಂದು ಮೈನಸ್ 40 ಇದ್ದರೆ ಕಾಯಿಲ್‌ಗೆ ಸಿಗುವುದು 80.

ಹಂತ 2: ಬಾಕ್ಸ್ ನಿಜವಾಗಿ ಎಷ್ಟು ಓಮ್?

ಸ್ಟಿಕ್ಕರ್ ನಂಬಬೇಡಿ. ಮಧ್ಯದಲ್ಲಿ ಯಾರೋ ಕಾಯಿಲ್ ಕಟ್ಟಿಸಿರುತ್ತಾರೆ, ಸ್ಪೀಕರ್ ಬದಲಾಯಿಸಿರುತ್ತಾರೆ. ಕೇಬಲ್ ಬಿಚ್ಚಿ ಬಾಕ್ಸ್‌ನ ಎರಡು ಪಾಯಿಂಟ್ ಮಧ್ಯೆ ಓಮ್ ಅಳೆಯಿರಿ. 8 ಓಮ್ ಸ್ಪೀಕರ್ ಮೀಟರ್‌ನಲ್ಲಿ ಸಾಮಾನ್ಯವಾಗಿ 5.5ರಿಂದ 6.5 ತೋರಿಸುತ್ತದೆ. ಇದು ಡಿಸಿ ಅಳತೆ, ಹಾಗಾಗಿ ಕಡಿಮೆಯೇ ಬರುತ್ತದೆ, ಗಾಬರಿ ಬೇಡ. 3ರಿಂದ 3.5 ಬಂದರೆ ಅದು 4 ಓಮ್.

ಡಬಲ್ 18 ಬಾಕ್ಸ್ ಇದ್ದವರು ಇಲ್ಲೇ ನಿಲ್ಲಬೇಕು. ಒಳಗೆ ಎರಡು 8 ಓಮ್ ಸ್ಪೀಕರ್ ಪ್ಯಾರಲಲ್ ಆಗಿದ್ದರೆ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿದ್ದರೆ) ಒಟ್ಟು 4 ಓಮ್. ಬ್ರಿಡ್ಜ್‌ನಲ್ಲಿ ಪ್ರತಿ ಚಾನೆಲ್‌ಗೆ 2 ಓಮ್. ಕೆಲವು ಆಂಪ್‌ಗಳ ಹಿಂದೆ ಬ್ರಿಡ್ಜ್‌ನಲ್ಲಿ 4 ಓಮ್ ಆಗಬಹುದು ಅಂತ ಬರೆದೇ ಇರುತ್ತದೆ. ಹೊಸದಾಗಿದ್ದಾಗ ಆ ಮಾತು ನಿಜ. ಒಣಗಿದ ಥರ್ಮಲ್ ಪೇಸ್ಟ್, ದಣಿದ ಕೆಪಾಸಿಟರ್, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ತಗಡಿನ ಶೆಡ್ಡು. ಇಷ್ಟೂ ಸೇರಿದಾಗ ಆ ಬರಹಕ್ಕೆ ಬೆಲೆ ಇಲ್ಲ. ಡಬಲ್ 18 ಇದ್ದರೆ ಒಳಗಿನ ಪ್ಯಾರಲಲ್ ಜಂಪರ್ (ಎರಡನ್ನೂ ಸೇರಿಸುವ ತುಂಡು ವೈರ್) ಬಿಚ್ಚಿ, ಒಂದೊಂದು ಸ್ಪೀಕರಿಗೆ ಒಂದೊಂದು ಚಾನೆಲ್ ಕೊಡಿ. ಬ್ರಿಡ್ಜ್ ಮಾತೇ ಬೇಡ.

ಹಂತ 3: ಸ್ವಿಚ್ ಮತ್ತು ವೈರಿಂಗ್

ಪವರ್ ಆಫ್ ಮಾಡಿ, ಎರಡೂ ವಾಲ್ಯೂಮ್ ಸೊನ್ನೆಗೆ ತಂದು, ಆಮೇಲೆ ಸ್ವಿಚ್ ಮುಟ್ಟಿ. ಆನ್ ಇರುವಾಗ ಮೋಡ್ ಬದಲಾಯಿಸಬಾರದು.

ಹಿಂದೆ ಸಾಮಾನ್ಯವಾಗಿ ಮೂರು ಹೆಸರು ಇರುತ್ತವೆ: ಸ್ಟೀರಿಯೋ, ಪ್ಯಾರಲಲ್, ಬ್ರಿಡ್ಜ್. ಕೆಲವದರಲ್ಲಿ ಸ್ಲೈಡ್ ಸ್ವಿಚ್, ಕೆಲವದರಲ್ಲಿ ಹಲ್ಲಿನ ಗಾತ್ರದ ಡಿಪ್ ಸ್ವಿಚ್‌ಗಳು. ಪ್ಯಾರಲಲ್ ಅನ್ನುವುದು ಎಲ್ಲ ಕಂಪನಿಗೂ ಒಂದೇ ಅಲ್ಲ. ಕ್ಯೂಎಸ್‌ಸಿಯಲ್ಲಿ ಅದು ಬರೀ ಇನ್‌ಪುಟ್ ಎರಡನ್ನೂ ಸೇರಿಸುತ್ತದೆ. ಕ್ರೌನ್‌ನ ಹಳೇ ಮ್ಯಾಕ್ರೋಟೆಕ್‌ನಲ್ಲಿ ಪ್ಯಾರಲಲ್ ಮೋನೋ ಅಂದರೆ ಎರಡು ಔಟ್‌ಪುಟ್‌ಗಳನ್ನೇ ಸೇರಿಸಿ ಓಡಿಸುವುದು. ಅದಕ್ಕಾಗಿ ಹಿಂದಿನ ಮಾಲೀಕರು ಎರಡು ಕೆಂಪುಗಳ ಮಧ್ಯೆ ಜಂಪರ್ ವೈರ್ ಹಾಕಿರಬಹುದು. ಆ ಜಂಪರ್ ಇಟ್ಟುಕೊಂಡೇ ಬ್ರಿಡ್ಜ್ ಮಾಡಿದರೆ ಆಂಪ್ ತನ್ನನ್ನೇ ಶಾರ್ಟ್ ಮಾಡಿಕೊಂಡ ಹಾಗೆ. ಮೊದಲು ಅದನ್ನು ಕೀಳಿ.

ಇನ್‌ಪುಟ್ ಮೊದಲ ಚಾನೆಲ್‌ಗೆ ಮಾತ್ರ. ಎರಡನೇ ಇನ್‌ಪುಟ್ ಖಾಲಿ ಇರಲಿ. ಎರಡನೇ ವಾಲ್ಯೂಮ್ ಎಷ್ಟಿರಬೇಕು ಅನ್ನುವುದು ಆಂಪ್‌ಗೊಂದು ಥರ: ಕೆಲವದರಲ್ಲಿ ಸೊನ್ನೆ, ಕೆಲವದರಲ್ಲಿ ಮೊದಲನೆಯದಕ್ಕೆ ಸಮ. ಮ್ಯಾನುಯಲ್ ಇಲ್ಲದಿದ್ದರೂ ಪರವಾಗಿಲ್ಲ, ಮುಂದಿನ ಹಂತದಲ್ಲಿ ಮೀಟರೇ ಹೇಳುತ್ತದೆ.

ಬಾಕ್ಸ್‌ನ ಪ್ಲಸ್ ಒಂದನೇ ಚಾನೆಲ್‌ನ ಕೆಂಪಿಗೆ, ಮೈನಸ್ ಎರಡನೇ ಚಾನೆಲ್‌ನ ಕೆಂಪಿಗೆ. ಹೆಚ್ಚಿನ ಆಂಪ್‌ಗಳಲ್ಲಿ ಹೀಗೇ, ಆದರೂ ಟರ್ಮಿನಲ್ ಪಕ್ಕದ ಗುರುತು ನೋಡಿಕೊಳ್ಳಿ. ಕಪ್ಪು ಎರಡನ್ನೂ ಮುಟ್ಟುವ ಹಾಗಿಲ್ಲ. ಸ್ಪೀಕಾನ್ (ತಿರುಗಿಸಿ ಬಿಗಿಯುವ ಸ್ಪೀಕರ್ ಪ್ಲಗ್) ಇದ್ದರೆ ಹೆಚ್ಚಾಗಿ ಒಂದನೇ ಸಾಕೆಟ್‌ನ 1 ಪ್ಲಸ್ ಮತ್ತು 2 ಪ್ಲಸ್‌ನಲ್ಲಿ ಬ್ರಿಡ್ಜ್ ಸಿಗುತ್ತದೆ. ಅಂದರೆ ಆಂಪ್ ಕಡೆ 1 ಪ್ಲಸ್, 2 ಪ್ಲಸ್, ಬಾಕ್ಸ್ ಕಡೆ 1 ಪ್ಲಸ್, 1 ಮೈನಸ್ ಇರುವ ಬೇರೆ ಕೇಬಲ್ ಬೇಕು. ಇದನ್ನು ಮಾಡಿಸಿದ ದಿನವೇ ಎರಡೂ ತುದಿಗೆ ಬಣ್ಣದ ಟೇಪ್ ಸುತ್ತಿ "ಬ್ರಿಡ್ಜ್" ಅಂತ ಬರೆಯಿರಿ. ನೋಡಲು ಮಾಮೂಲಿ ಕೇಬಲ್ ಥರವೇ ಇರುತ್ತದೆ, ಕಾರ್ಯಕ್ರಮದ ಗಡಿಬಿಡಿಯಲ್ಲಿ ಅದಲು ಬದಲಾದರೆ ಶಬ್ದ ಸರಿಯಾಗಿ ಬರುವುದಿಲ್ಲ.

ವೈರ್ 2.5 ಸ್ಕ್ವೇರ್ ಎಂಎಂ ತಾಮ್ರದ್ದು ಸಾಕು. 10 ಮೀಟರ್ ಉದ್ದಕ್ಕೆ ಹೋಗಿ ಬರುವ ದಾರಿ ಸೇರಿ ಸುಮಾರು 0.15 ಓಮ್, 8 ಓಮ್ ಎದುರು ಲೆಕ್ಕಕ್ಕಿಲ್ಲ. ಬ್ರಿಡ್ಜ್ ಮಾಡಿದರೆ ಡ್ಯಾಂಪಿಂಗ್ ಫ್ಯಾಕ್ಟರ್ (ಕೋನನ್ನು ಆಂಪ್ ಹಿಡಿದಿಡುವ ಶಕ್ತಿಯ ಅಳತೆ) ಅರ್ಧ ಆಗುತ್ತದೆ, ಬೇಸ್ ಸಡಿಲ ಆಗುತ್ತದೆ ಅಂತ ಹೆದರಿಸುವವರಿದ್ದಾರೆ. ಅರ್ಧ ಆಗುವುದು ನಿಜ. ಆದರೆ ಆಂಪ್ ಒಳಗಿನದಕ್ಕಿಂತ ಈ ವೈರ್‌ನ ಓಮೇ ಜಾಸ್ತಿ ಇರುವುದರಿಂದ ಕಿವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಒಂದು ಎಚ್ಚರ. ಬ್ರಿಡ್ಜ್‌ನಲ್ಲಿ 80 ವೋಲ್ಟ್ ಅಂದರೆ ಶಾಕ್ ಹೊಡೆಯುವ ವೋಲ್ಟೇಜ್. ಸುಲಿದ ತಾಮ್ರದ ಎಳೆ ಟರ್ಮಿನಲ್ ಹೊರಗೆ ಕಾಣಬಾರದು. ಬಾಕ್ಸ್‌ನ ಮೈನಸ್ ಲೋಹದ ಗ್ರಿಲ್‌ಗೋ ಸ್ಟ್ಯಾಂಡ್‌ಗೋ ಅರ್ಥ್‌ಗೋ ತಾಗಿದರೆ ಎರಡನೇ ಚಾನೆಲ್ ನೇರ ಶಾರ್ಟ್.

ಹಂತ 4: ಮೀಟರ್ ಪರೀಕ್ಷೆ

ಇಡೀ ಕೆಲಸದಲ್ಲಿ ನನಗೆ ಇಷ್ಟವಾದ ಭಾಗ ಇದು. ಐದು ನಿಮಿಷ, ಮೊಬೈಲ್ ಮತ್ತು ಅಗ್ಗದ ಮೀಟರ್ ಸಾಕು.

ಬಾಕ್ಸ್ ಕೇಬಲ್ ತೆಗೆದಿಡಿ. ಮೊಬೈಲ್‌ನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು 50 ಹರ್ಟ್ಸ್ ಸೈನ್ ಟೋನ್ ಬಿಡಿ. 50 ಯಾಕೆ ಅಂದರೆ ಅಗ್ಗದ ಮೀಟರ್‌ಗಳು ಮನೆ ಕರೆಂಟ್ ಅಳೆಯಲು ಮಾಡಿದವು, 50 ಹರ್ಟ್ಸ್‌ನಲ್ಲಿ ಸರಿಯಾಗಿ ತೋರಿಸುತ್ತವೆ. 1000 ಹರ್ಟ್ಸ್ ಬಿಟ್ಟರೆ ಕೆಲವು ಮೀಟರ್ ತಪ್ಪು ಹೇಳುತ್ತವೆ.

ಮೀಟರನ್ನು ಎಸಿ ವೋಲ್ಟ್‌ಗೆ ಇಡಿ. ಒಂದನೇ ಚಾನೆಲ್‌ನ ಕೆಂಪು-ಕಪ್ಪು ಮಧ್ಯೆ 5 ವೋಲ್ಟ್ ಬರುವ ತನಕ ವಾಲ್ಯೂಮ್ ಏರಿಸಿ. ಅದನ್ನು ಅಲ್ಲೇ ಬಿಟ್ಟು ಎರಡನೇ ಚಾನೆಲ್‌ನ ಕೆಂಪು-ಕಪ್ಪು ನೋಡಿ. ಆಮೇಲೆ ಎರಡು ಕೆಂಪುಗಳ ಮಧ್ಯೆ ನೋಡಿ.

5, 5, 10 ಬಂದರೆ ಬ್ರಿಡ್ಜ್ ಸರಿಯಾಗಿದೆ.

5, 0, 5 ಬಂದರೆ ಆಂಪ್ ಇನ್ನೂ ಸ್ಟೀರಿಯೋದಲ್ಲೇ ಇದೆ, ಅಥವಾ ಎರಡನೇ ವಾಲ್ಯೂಮ್ ಏರಿಸಬೇಕಾದ ಮಾಡೆಲ್. ನಿಧಾನಕ್ಕೆ ಎರಡನೇ ನಾಬ್ ತಿರುಗಿಸಿ ನೋಡಿ. ಬ್ರಿಡ್ಜ್ ಮಾಡಿದರೂ ಪವರ್ ಬರುತ್ತಿಲ್ಲ ಅನ್ನುವವರ ಆಂಪ್‌ನಲ್ಲಿ ಇದೇ ಇರುವುದುಂಟು.

5, 5, 0 ಬಂದರೆ ಎರಡೂ ಚಾನೆಲ್ ಒಂದೇ ದಿಕ್ಕಿನಲ್ಲಿ ಓಡುತ್ತಿವೆ. ಸ್ವಿಚ್ ಪ್ಯಾರಲಲ್‌ನಲ್ಲಿದೆ. ಈಗ ಬಾಕ್ಸ್ ಹಾಕಿದರೆ ಸುಮ್ಮನೆ ಕೂತಿರುತ್ತದೆ.

5, 3.5, 8.5 ಥರ ಬಂದರೆ ಎರಡು ಚಾನೆಲ್‌ನ ಗೇನ್, ಅಂದರೆ ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ, ಸಮ ಇಲ್ಲ. ಹಳೇ ಆಂಪ್‌ನಲ್ಲಿ ಸವೆದ ವಾಲ್ಯೂಮ್ ಪಾಟ್ ಇದಕ್ಕೆ ಮಾಮೂಲಿ ಕಾರಣ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತಾರು ಸಲ ತಿರುಗಿಸಿ, ಮತ್ತೆ ಅಳೆಯಿರಿ. ಸರಿ ಮಾಡದೆ ಓಡಿಸಿದರೆ ಒಂದು ಚಾನೆಲ್ ಮೊದಲೇ ಕ್ಲಿಪ್ ಆಗುತ್ತದೆ (ಮಿತಿ ಮುಟ್ಟಿ ಶಬ್ದ ಒಡೆಯುತ್ತದೆ), ಇನ್ನೊಂದು ಅರ್ಧ ಕೆಲಸದಲ್ಲಿ ಕೂತಿರುತ್ತದೆ. ಸ್ವಿಚ್ ಕೂಡ ತುಕ್ಕು ಹಿಡಿದಿರಬಹುದು. ಪವರ್ ಆಫ್ ಮಾಡಿ ಅದನ್ನೂ ಹಿಂದೆ ಮುಂದೆ ಆಡಿಸಿ.

ಟೋನ್ ನಿಲ್ಲಿಸಿ ಮೀಟರ್ ನೋಡಿದರೆ ಕೆಲವು ಮಿಲಿವೋಲ್ಟ್‌ಗೆ ಇಳಿಯಬೇಕು. ಈಗ ವಾಲ್ಯೂಮ್ ಸೊನ್ನೆ ಮಾಡಿ, ಆಫ್ ಮಾಡಿ, ಬಾಕ್ಸ್ ಹಾಕಿ.

ಹಂತ 5: ಕ್ರಾಸ್‌ಓವರ್

ಬ್ರಿಡ್ಜ್ ಆಂಪ್‌ಗೆ ಪೂರ್ತಿ ಹಾಡು ಕಳಿಸಬೇಡಿ. ಬೇಸನ್ನೂ ಮೇಲಿನ ಶಬ್ದವನ್ನೂ ಬೇರೆ ಬೇರೆ ಮಾಡುವ ಪೆಟ್ಟಿಗೆಯೇ ಕ್ರಾಸ್‌ಓವರ್. ಡಿಬಿಎಕ್ಸ್ 223 ಅಥವಾ ಬೆಹ್ರಿಂಜರ್ ಸಿಎಕ್ಸ್ 2310 ಥರದ ಹಳೇ ಕ್ರಾಸ್‌ಓವರ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ. 80ರಿಂದ 100 ಹರ್ಟ್ಸ್‌ನಲ್ಲಿ ಕತ್ತರಿಸಿ, ಕೆಳಗಿನದು ಬೇಸ್‌ಗೆ, ಮೇಲಿನದು ಟಾಪ್‌ಗೆ.

ತೀರಾ ಕೆಳಗಿನದನ್ನೂ ಕತ್ತರಿಸಬೇಕು. ಇದನ್ನು ಜನ ಮರೆಯುತ್ತಾರೆ. ಪೋರ್ಟ್ ಇರುವ ಬಾಕ್ಸ್‌ನಲ್ಲಿ ಪೋರ್ಟ್‌ನ ಫ್ರೀಕ್ವೆನ್ಸಿಗಿಂತ ಕೆಳಗೆ ಕೋನ್‌ಗೆ ಹಿಡಿತವೇ ಇರುವುದಿಲ್ಲ, ಶಬ್ದ ಬರುವುದಿಲ್ಲ, ಕೋನ್ ಮಾತ್ರ ಹೊರಗೆ ಹಾರುತ್ತದೆ. ಎರಡರಷ್ಟು ವೋಲ್ಟೇಜ್ ಇದ್ದಾಗ ಕಾಯಿಲ್ ಹಿಂದಿನ ಪ್ಲೇಟ್‌ಗೆ ಬಡಿದು ಟಕ್ ಟಕ್ ಅನ್ನುತ್ತದೆ. ಆಂಪ್ ಹಿಂದೆ 30 ಅಥವಾ 50 ಹರ್ಟ್ಸ್‌ನ ಲೋ ಕಟ್ ಸ್ವಿಚ್ ಇದ್ದರೆ ಬಳಸಿ. ಕ್ರಾಸ್‌ಓವರ್‌ನಲ್ಲಿ 40 ಹರ್ಟ್ಸ್ ಕಟ್ ಇದ್ದರೆ ಅದೂ ಆಗುತ್ತದೆ. ತಮಟೆಗೂ ಕಿಕ್ ಡ್ರಮ್‌ಗೂ 40ರ ಕೆಳಗಿನದು ಅಷ್ಟಾಗಿ ಬೇಕಿಲ್ಲ.

ಬ್ರಿಡ್ಜ್ ಮಾಡಿದಾಗ ಆಂಪ್‌ನ ಗೇನ್ 6 ಡಿಬಿ ಏರಿರುತ್ತದೆ. ಸ್ಟೀರಿಯೋಗೆ ಅಂತ ಲಿಮಿಟರ್ (ಸಿಗ್ನಲ್ ಮಿತಿ ಮೀರದಂತೆ ತಡೆಯುವುದು) ಸೆಟ್ ಮಾಡಿದ್ದರೆ ಅದು ಈಗ ಸುಳ್ಳು. 6 ಡಿಬಿ ಕೆಳಗಿಳಿಸಿ ಶುರು ಮಾಡಿ.

ಟಾಪ್ ಜೊತೆ ಹಾಡು ಹಾಕಿ, ಬೇಸ್ ಬಾಕ್ಸ್‌ನ ಎರಡು ವೈರ್ ಅದಲು ಬದಲು ಮಾಡಿ ಕೇಳಿ, ಪ್ರತಿ ಸಲ ಆಫ್ ಮಾಡಿ. ಯಾವುದರಲ್ಲಿ ಕಿಕ್ ಎದೆಗೆ ಗಟ್ಟಿಯಾಗಿ ಬೀಳುತ್ತದೋ ಅದೇ ಸರಿಯಾದ ಪೋಲಾರಿಟಿ.

ಹಂತ 6: ಮೊದಲ ಒಂದು ಗಂಟೆ

16 ಆಂಪಿಯರ್ ಸಾಕೆಟ್ ಬಳಸಿ. ಮೊಬೈಲ್ ಚಾರ್ಜರ್, ಸೀರಿಯಲ್ ಸೆಟ್ ಎಲ್ಲಾ ತೂಗಿಬಿದ್ದ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಹಾಕಬೇಡಿ. ಹಬ್ಬದ ದಿನ ಬೀದಿಯ ವೋಲ್ಟೇಜ್ ಇಳಿದಿರುತ್ತದೆ. 230 ಇರಬೇಕಾದ ಕಡೆ 200 ಇದ್ದರೆ ಹಳೇ ಟ್ರಾನ್ಸ್‌ಫಾರ್ಮರ್ ಆಂಪ್‌ನ ಪವರ್ ಸುಮಾರು ಮುಕ್ಕಾಲು ಭಾಗಕ್ಕೆ ಇಳಿಯುತ್ತದೆ, ಕ್ಲಿಪ್ ಬೇಗ ಬರುತ್ತದೆ. ಆಗ ವಾಲ್ಯೂಮ್ ಏರಿಸಿ ಸರಿದೂಗಿಸಲು ಹೋಗಬಾರದು.

ಗುಂಯ್ ಅಂತ ಬರುತ್ತಿದೆ ಅಂತ ಪ್ಲಗ್‌ನ ಅರ್ಥ್ ಪಿನ್ ಮುರಿಯುವ ಚಾಳಿ ನಮ್ಮ ಸೌಂಡ್‌ನವರಲ್ಲಿ ಇದೆ. ದಯವಿಟ್ಟು ಬೇಡ. ಮಳೆ ಬಿದ್ದ ಸ್ಟೇಜ್ ಮೇಲೆ ಮೈಕ್ ಹಿಡಿದವರ ಜೀವದ ಪ್ರಶ್ನೆ ಅದು. ಬ್ಯಾಲೆನ್ಸ್ಡ್ ಕೇಬಲ್ (ಒಳಗೆ ಎರಡು ಸಿಗ್ನಲ್ ವೈರ್, ಸುತ್ತ ಶೀಲ್ಡ್ ಇರುವುದು) ಹಾಕಿ, ಮಿಕ್ಸರ್ ಮತ್ತು ಆಂಪ್ ಎರಡಕ್ಕೂ ಒಂದೇ ಕಡೆಯಿಂದ ಕರೆಂಟ್ ಕೊಡಿ. ಹೆಚ್ಚಿನ ಗುಂಯ್ ಅಲ್ಲೇ ಹೋಗುತ್ತದೆ.

ಆಂಪ್ ಕೊನೆಗೆ ಆನ್, ಮೊದಲು ಆಫ್. ಅರ್ಧ ಗಂಟೆ ಮಧ್ಯಮ ಶಬ್ದದಲ್ಲಿ ಓಡಿಸಿ ಹೊರಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟಿದ್ದರೆ ನಿಲ್ಲಿಸಿ. ಕ್ಲಿಪ್ ಲೈಟ್ ಕಿಕ್ ಬಿದ್ದಾಗ ಒಮ್ಮೊಮ್ಮೆ ಮಿಣುಕಿದರೆ ತೊಂದರೆ ಇಲ್ಲ, ಉರಿದೇ ಇದ್ದರೆ ಇಳಿಸಿ. ಒಂದೊಂದು ಹೊಡೆತಕ್ಕೂ ಪ್ರೊಟೆಕ್ಟ್ ರಿಲೇ ಕಟ್ ಆಗುತ್ತಿದ್ದರೆ ಮತ್ತೆ ಬಾಕ್ಸ್‌ನ ಓಮ್ ಅಳೆಯಿರಿ. ಫ್ಯೂಸ್ ಹೋದರೆ ದೊಡ್ಡ ಫ್ಯೂಸ್ ಹಾಕುವುದು ಪರಿಹಾರ ಅಲ್ಲ, ಅಲ್ವಾ?

ಬ್ರಿಡ್ಜ್ ಸ್ವಿಚ್ ಇಲ್ಲದ ಆಂಪ್

ಮಾಡಬಹುದು, ಆದರೆ ಷರತ್ತಿದೆ. ಆಂಪ್ ಆಫ್ ಇರುವಾಗ ಎರಡು ಕಪ್ಪು ಟರ್ಮಿನಲ್‌ಗಳ ಮಧ್ಯೆ ಓಮ್ ಅಳೆಯಿರಿ. ಸೊನ್ನೆಯ ಹತ್ತಿರ ಬರಬೇಕು, ಅಂದರೆ ಗ್ರೌಂಡ್ ಒಂದೇ ಆಗಿರಬೇಕು. ಪ್ರತಿ ಚಾನೆಲ್ 4 ಓಮ್ ತಡೆಯುತ್ತದೆ ಅಂತ ಹಿಂದೆ ಬರೆದಿರಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಇಲ್ಲಿಗೇ ಬಿಡಿ.

ಆಂಪ್‌ಗೆ ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್ (ಮೂರು ಪಿನ್‌ನ) ಇನ್‌ಪುಟ್ ಇದ್ದರೆ ಎರಡನೇ ಚಾನೆಲ್‌ಗೆ ಪಿನ್ 2 ಮತ್ತು 3 ಅದಲು ಬದಲು ಮಾಡಿದ ಕೇಬಲ್ ಹಾಕಿ. ಅಷ್ಟೇ, ತಲೆಕೆಳಗಾದ ಸಿಗ್ನಲ್ ಸಿಕ್ಕಿತು. ಇನ್ನೂ ಸುಲಭದ ದಾರಿ ಅಂದರೆ ಕ್ರಾಸ್‌ಓವರ್. ಅದನ್ನು ಸ್ಟೀರಿಯೋದಲ್ಲಿ ಇಟ್ಟು, ಎರಡೂ ಇನ್‌ಪುಟ್‌ಗೆ ಒಂದೇ ಸಿಗ್ನಲ್ ಕೊಟ್ಟು, ಎರಡನೇ ಲೋ ಔಟ್‌ಪುಟ್‌ನ ಫೇಸ್ ಇನ್ವರ್ಟ್ ಬಟನ್ ಒತ್ತಿ. ಬರೀ ಆರ್‌ಸಿಎ ಇನ್‌ಪುಟ್ ಇರುವ ಮನೆ ಆಂಪ್‌ಗಳಿಗೆ ಟಿಎಲ್072 ಅಥವಾ ಎನ್‌ಇ5532 ಐಸಿಯ ಸಣ್ಣ ಇನ್ವರ್ಟರ್ ಬೋರ್ಡ್ ರಿಪೇರಿಯವರು ಕಟ್ಟಿಕೊಡುತ್ತಾರೆ. ಯಾವ ದಾರಿ ಹಿಡಿದರೂ 5, 5, 10 ಪರೀಕ್ಷೆ ಬಿಡಬೇಡಿ. ಇಲ್ಲಿ ಎರಡೂ ನಾಬ್ ನಿಮ್ಮ ಕೈಯಲ್ಲಿರುವುದರಿಂದ ಮೀಟರ್ ನೋಡಿಯೇ ಸಮ ಮಾಡಬೇಕು. ಆಮೇಲೆ ನಾಬ್ ಮೇಲೆ ಟೇಪ್ ಅಂಟಿಸಿ, ಯಾರೂ ತಿರುಗಿಸದ ಹಾಗೆ.

ಶಬ್ದದ ನಿಯಮ

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಹೊರಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರ ತನಕ ಸರ್ಕಾರ ಸಡಿಲಿಕೆ ಕೊಡಬಹುದು. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡಿಬಿ.

ಮೊಬೈಲ್ ಆ್ಯಪ್‌ನಲ್ಲಿ ಅಳೆದು "ಮಿತಿ ಒಳಗೇ ಇದೆ ಅಣ್ಣಾ" ಅನ್ನಬೇಡಿ. ಈ ಅಳತೆ ಎ ವೇಟಿಂಗ್‌ನದ್ದು, ಅಂದರೆ ಕಿವಿಗೆ ಕೇಳಿಸುವ ರೀತಿಗೆ ಹೊಂದಿಸಿದ್ದು, 50 ಹರ್ಟ್ಸ್‌ನ ಬೇಸನ್ನು ಸುಮಾರು 30 ಡಿಬಿ ಕಡಿಮೆ ಮಾಡಿ ತೋರಿಸುತ್ತದೆ. ಮೀಟರ್ ಸುಮ್ಮನಿದ್ದರೂ ಪಕ್ಕದ ಮನೆಯ ಕಿಟಕಿ ಗಾಜು ನಡುಗುತ್ತಿರುತ್ತದೆ. ಅಪಾರ್ಟ್‌ಮೆಂಟ್‌ನಲ್ಲಿರುವವರಿಗೆ ಬ್ರಿಡ್ಜ್‌ನ ಅಗತ್ಯವೇ ಇಲ್ಲ, ಒಂದು ಚಾನೆಲ್ಲೇ ಜಾಸ್ತಿ.

ಆಂಪ್ ಬೇರೆಯವರಿಗೆ ಕೊಡುವಾಗ

ಸ್ವಿಚ್ ಸ್ಟೀರಿಯೋಗೆ ತನ್ನಿ. ಬ್ರಿಡ್ಜ್‌ನಲ್ಲೇ ಬಿಟ್ಟು ಕೊಟ್ಟರೆ, ಅವರು ಮಾಮೂಲಿಯಂತೆ ಎರಡು ಬಾಕ್ಸನ್ನು ಎರಡು ಚಾನೆಲ್‌ಗೆ ಹಾಕುತ್ತಾರೆ. ಒಂದು ಕೋನ್ ಹೊರಗೆ ಬಂದಾಗ ಇನ್ನೊಂದು ಒಳಗೆ ಹೋಗಿ ಬೇಸ್ ಕರಗಿ ಹೋಗುತ್ತದೆ, ಎರಡನೇ ಇನ್‌ಪುಟ್ ಕೆಲಸ ಮಾಡುತ್ತಿಲ್ಲ ಅಂತ ರಾತ್ರಿ ನಿಮಗೇ ಫೋನ್ ಬರುತ್ತದೆ. ಬ್ರಿಡ್ಜ್ ಕೇಬಲ್ ಆಂಪ್ ಜೊತೆ ಕಳಿಸಬೇಡಿ. ಲೋ ಕಟ್ ಸ್ವಿಚ್ ಎಲ್ಲಿತ್ತು, ಲಿಮಿಟರ್ ಎಷ್ಟಿತ್ತು ಅಂತ ಮುಚ್ಚಳದ ಮೇಲೆ ಒಂದು ಚೀಟಿ ಅಂಟಿಸಿಟ್ಟರೆ ವಾಪಸ್ ಬಂದಾಗ ಮತ್ತೆ ಹುಡುಕುವ ಕೆಲಸ ಇರುವುದಿಲ್ಲ.